ಹಳಿ ಹತ್ತಿದ ಕುಣಿಕೆ

ತಲೆಯ ಎಡಗಡೆ, ಕಿವಿಯ ಪಕ್ಕದಲ್ಲೇ, "ಗ್ರ್‌ರ್‌ರ್" ಎಂದು ಸದ್ದಾಯಿತು. ಎದೆಗೆ ಬಿಗಿದಿದ್ದ ಬೆಲ್ಟು ಸಡಿಲಾಯಿತು. ತಿರುಗಿ ನೋಡುವಂತಿಲ್ಲ. ಗಂಟೆಗೆ 45 ಮೈಲಿ ವೇಗ, ಮುಂದೆ ಹಿಮದ ಪರದೆ, ಬೆನ್ನಿಗೆ 18 ಗಾಲಿಯ ಲಾರಿಯ ದೀಪ. ಕಣ್ಣಂಚಿಗೆ ಕಂಡದ್ದಿಷ್ಟು: ಬಾಗಿಲ ಚೌಕಟ್ಟಿನ ಮೇಲಿನ ಹಳಿಯಲ್ಲಿ, ಬೆಲ್ಟಿನ ತುದಿ ಕಚ್ಚಿಕೊಂಡ ಕಪ್ಪು ತುಂಡೊಂದು ನನ್ನ ಭುಜ ಬಿಟ್ಟು ಮುಂಗಾಜಿನತ್ತ ಓಡುತ್ತಿದೆ.

"ಬಾಗಿಲು ತೆಗ್ದ್ಯಾ?" ಭಾವ ಕೂಗಿದರು.

"ಇಲ್ಲ ಭಾವ!"

"ಮತ್ಯಾಕೆ ಹೊರಟಿತು ಮಾರಾಯ ಅದು?"

ಉತ್ತರ ಹೇಳುವಷ್ಟರಲ್ಲಿ ಪಟ್ಟಿ ನನ್ನ ಎರಡೂ ಮುಂಗೈಗಳ ಮೇಲೆ ಅಡ್ಡ ಬಿದ್ದಿತ್ತು. ಸ್ಟೀರಿಂಗ್ ತಿರುಗಿಸಲು ಹೋದರೆ ಮಣಿಕಟ್ಟಿಗೆ ತೊಡರುತ್ತದೆ. ಹಳಿಯ ತುದಿ ಮುಟ್ಟಿದ ತುಂಡು ಒಂದು ಕ್ಷಣ ನಿಂತಿತು. ಮತ್ತೆ "ಗ್ರ್‌ರ್‌ರ್". ಈಗ ವಾಪಸ್! ಪಟ್ಟಿ ಮೇಲೆದ್ದು, ಗಲ್ಲ ಸವರಿ, ಮೂಗು ಉಜ್ಜಿ, ಕನ್ನಡಕ ಎಗರಿಸಿಕೊಂಡು ಹೋಯಿತು. ನನ್ನದು ಮೈನಸ್ ನಾಲ್ಕರ ಕಣ್ಣು. ಮುಂದಿನ ಕಾರಿನ ಕೆಂಪು ದೀಪ ಎರಡಿದ್ದದ್ದು ಕಲಸಿಕೊಂಡು ಒಂದಾಯಿತು. ಪಟ್ಟಿ ಭುಜಕ್ಕೆ ಬಂದು ಕೂರಲಿಲ್ಲ, ಗಂಟಲಿಗೇ ಬಂದು ಕೂತಿತು. ಅಲ್ಲಿಂದ ಮತ್ತೆ ಮುಂದಕ್ಕೆ ಹೊರಡುವ ಸನ್ನಾಹ.

"ಮೇಲೆ ಹಳಿ ಹತ್ರ ಗುಂಡಿ ಉಂಟಲ್ಲ, ಒತ್ತು!"

"ಕೈ ಬಿಡಕ್ಕಾಗಲ್ಲ ಭಾವ!"

ಭಾವ ತಮ್ಮ ಸೀಟಿನಿಂದಲೇ ಅಡ್ಡ ಬಾಗಿ, ನನ್ನ ಮುಖದೆದುರು ಕೈ ಚಾಚಿ, ತಡವಿ ತಡವಿ ಆ ತುರ್ತು ಗುಂಡಿಯನ್ನು ಒತ್ತಿಯೇಬಿಟ್ಟರು. ಪಟ್ಟಿ ಕಳಚಿಕೊಂಡು ಎರಡು ಸೀಟುಗಳ ನಡುವಿನ ಪೆಟ್ಟಿಗೆಯೊಳಗೆ ಸರಕ್ಕನೆ ಸೇರಿತು. ಉಸಿರು ಬಂತು. ಅದೇ ಉಸಿರಿನಲ್ಲಿ ಎದುರಿನ ಕೆಂಪು ಬೆಳಕು ಊದಿಕೊಂಡು ಇಡೀ ಗಾಜು ತುಂಬಿತು. ಮುಂದಿನವನು ಬ್ರೇಕ್ ಒತ್ತಿದ್ದ. ನಾನೂ ಒತ್ತಿದೆ. ಗಾಲಿ ನಿಂತಿತು, ಕಾರು ನಿಲ್ಲಲಿಲ್ಲ. ಎಡಕ್ಕೆ ತಿರುಗಿಸಿದೆ, ಬಾಲ ಬಲಕ್ಕೆ ಹಾರಿತು, ಲಾರಿಯ ಹಾರ್ನು ಹಿಂದಿನಿಂದ ಬಂದು, ಪಕ್ಕದಲ್ಲಿ ಹಾದು, ಮುಂದೆ ಹೋಯಿತು. ನಾವು ಎರಡು ದಾರಿಗಳ ನಡುವಿನ ಹಳ್ಳಕ್ಕೆ ಹಿಮ ಸೀಳಿಕೊಂಡು ಇಳಿದೆವು. ಸೊಂಟದ ಬೆಲ್ಟು ತೊಡೆಯ ಬುಡಕ್ಕೆ ಕಚ್ಚಿ ಹಿಡಿಯಿತು. ಎದೆ ಮುಂದಕ್ಕೆ ಮಡಚಿ ಸ್ಟೀರಿಂಗಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು.

ಬದುಕಿದ್ದೆವು. ಅದಕ್ಕೆ ಕಾರಣ, ಬಾಗಿಲು ತೆಗೆದರೆ ಭುಜದ ಪಟ್ಟಿಯನ್ನು ಹಳಿಯ ಮೇಲೆ ಮುಂದಕ್ಕೊಯ್ದು, ಮುಚ್ಚಿದರೆ ಹಿಂದಕ್ಕೆ ತಂದು ಬಿಗಿಯಬೇಕಾದ ಆ ಮೋಟಾರು ಅಲ್ಲ, ಹೊರಡುವಾಗ ಭಾವ "ಸೊಂಟದ್ದು ಕೈಯಲ್ಲೇ ಹಾಕ್ಬೇಕು, ಮರೀಬೇಡ" ಎಂದು ಗದರಿಸಿ ಹಾಕಿಸಿದ್ದ ಬಡಪಾಯಿ ಪಟ್ಟಿ.

ಜಾಗ ಅಮೆರಿಕದ ಮಿಷಿಗನ್ ರಾಜ್ಯ, ಐ-94 ಹೆದ್ದಾರಿ, ಕಲಮಜೂ ದಾಟಿ ಬ್ಯಾಟಲ್ ಕ್ರೀಕ್ ಇನ್ನೂ ಬರದ ನಡುದಾರಿ. ಮಿಷಿಗನ್ ಸರೋವರದ ನೀರಿನಲ್ಲಿ ಬೇಸಿಗೆಯ ಬಿಸಿ ಉಳಿದಿರುವಾಗಲೇ ಮೇಲೆ ಕೊರೆಯುವ ಗಾಳಿ ಬೀಸಿದರೆ, ಆ ಗಾಳಿ ಹೀರಿದ ತೇವವನ್ನೆಲ್ಲ ಪೂರ್ವದ ದಡದಲ್ಲಿ ಹಿಮವಾಗಿ ಸುರಿಯುತ್ತದೆ. ಐದು ಮೈಲಿ ಹಿಂದೆ ಒಣರಸ್ತೆ, ಇಲ್ಲಿ ಕುರುಡು. 2015ರ ಜನವರಿ 9ರಂದು ಇದೇ ಹೆದ್ದಾರಿಯ ಇದೇ ತುಂಡಿನಲ್ಲಿ 193 ವಾಹನಗಳು ಒಂದರ ಮೇಲೊಂದು ನುಗ್ಗಿದ್ದವು. ಅವುಗಳ ಪೈಕಿ ಪಟಾಕಿ ತುಂಬಿದ ಲಾರಿಯೊಂದು ಹಿಮದ ನಡುವೆಯೇ ಸಿಡಿದಿತ್ತು. ನಾವು ಷಿಕಾಗೋ ಹೊರವಲಯದ ಮುದುಕರೊಬ್ಬರ ಗ್ಯಾರೇಜಿನಿಂದ ಈ 1991ರ ಎರಡು ಬಾಗಿಲ ಕಾರನ್ನು ಕೊಂಡು ಆನ್ ಆರ್ಬರಿನ ಮನೆಗೆ ಬರುತ್ತಿದ್ದೆವು. ಕಂಪನಿಯ ಹೆಸರು ಬೇಡ. ತೀರ್ಥಹಳ್ಳಿಯಿಂದ ಬಂದಿಳಿದ ವರ್ಷ ಭಾವ ಶೋರೂಮಿನ ಗಾಜಿಗೆ ಮೂಗೊತ್ತಿ ನೋಡಿ, ಬೆಲೆ ಕೇಳಿ ವಾಪಸಾದ ಮಾಡೆಲು ಅದು. ಗಾಡಿಯ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಆಸೆ ಮರಳಿ ಚಿಗುರಿತ್ತು.

911ಕ್ಕೆ ಕರೆ ಮಾಡಿದೆವು. ಗಾಡಿಯಿಂದ ಇಳಿಯಬೇಡಿ, ಸರದಿ ಬಂದಾಗ ಬರುತ್ತೇವೆ ಎಂದರು. ಹೊರಗೆ ನಡೆದರೆ ಜಾರಿ ಬರುವ ಇನ್ನೊಂದು ವಾಹನಕ್ಕೆ ಬಲಿ. ಒಳಗೆ ಕೂತರೆ ಚಳಿ. ಎಂಜಿನ್ ಹಚ್ಚಿ ಹೀಟರ್ ಹಾಕೋಣವೆಂದರೆ ಹಿಂದಿನ ಸೈಲೆನ್ಸರ್ ಕೊಳವೆ ಹಿಮದಲ್ಲಿ ಹೂತಿದೆ. ಹಾಗೇ ಹಚ್ಚಿದರೆ ವಿಷದ ಹೊಗೆ ಒಳನುಗ್ಗಿ, ನಿದ್ದೆ ಬಂತೆಂದುಕೊಂಡೇ ಸಾಯುವುದು. ಭಾವ ಬಾಗಿಲು ತಳ್ಳಿ ಇಳಿದರು, ಬರಿಗೈಯಲ್ಲಿ ಕೊಳವೆಯ ಸುತ್ತ ಬಗೆದರು, ಹತ್ತಿದರು. ಕೀಲಿ ತಿರುಗಿಸಿದೆ. "ಗ್ರ್‌ರ್‌ರ್!" ಬೆಲ್ಟೇ ಇಲ್ಲದ ಖಾಲಿ ತುಂಡು ನನ್ನ ತಲೆಯ ಮೇಲೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಬಿಸಿ ಬೇಕೆಂದರೆ ಕೀಲಿ ತಿರುಗಿಸಬೇಕು. ತಿರುಗಿಸಿದರೆ ಅದಕ್ಕೆ ಜೀವ ಬರುತ್ತದೆ. ಸ್ವಲ್ಪ ಹೊತ್ತು ಬಿಸಿ, ಆಮೇಲೆ ಆರಿಸುವುದು, ಮತ್ತೆ ಇಳಿದು ಕೊಳವೆ ಬಗೆಯುವುದು. ಇಳಿದು ಹತ್ತಿದಾಗಲೆಲ್ಲ ಭಾವನ ಕಡೆಯ ತುಂಡೂ ಒಂದು ಪ್ರಯಾಣ ಮುಗಿಸುತ್ತಿತ್ತು. ನಡುರಾತ್ರಿ ಆ ಎರಡು ಮೋಟಾರುಗಳ ನಡುವೆ ಕೂತವನಿಗೆ ಇದನ್ನು ಹುಟ್ಟಿಸಿದವರು ಯಾರೆಂದು ಹಿಡಿದು ಕೇಳುವ ಸಿಟ್ಟು ಬರದಿದ್ದೀತೇ?

"ಒಬ್ಬರಾ ಇಬ್ಬರಾ," ಎಂದರು ಭಾವ, ಕೈಯನ್ನು ಹೀಟರಿಗೆ ಒಡ್ಡಿಕೊಂಡು. "ದೊಡ್ಡ ಕತೆ ಅದು."

ಅವರು ಹೇಳಿದ್ದನ್ನು ನಾನು ಆಮೇಲೆ ಓದಿ ಜೋಡಿಸಿಕೊಂಡಿದ್ದೇನೆ. ಮೂರು ಕಡೆ ಬಿಗಿಯುವ ಇವತ್ತಿನ ಬೆಲ್ಟನ್ನು ವೋಲ್ವೋದ ನೀಲ್ಸ್ ಬೋಲಿನ್ 1959ರಲ್ಲೇ ಕೊಟ್ಟಾಗಿತ್ತು. ಅಮೆರಿಕದವರು ಹಾಕಿಕೊಳ್ಳಬೇಕಲ್ಲ! ಬೆಲ್ಟು ಹಾಕದಿದ್ದರೆ ಎಂಜಿನ್ನೇ ಹತ್ತದ ಬೀಗವನ್ನು 1974ರ ಕಾರುಗಳಿಗೆ ಇಟ್ಟರು. ಪಕ್ಕದ ಸೀಟಿನಲ್ಲಿ ದಿನಸಿ ಚೀಲವಿಟ್ಟರೂ ಅದು ಮನುಷ್ಯನೆಂದು ತಿಳಿದು ಕಾರು ಮುಷ್ಕರ ಹೂಡುತ್ತಿತ್ತು. ಜನ ರೊಚ್ಚಿಗೆದ್ದರು, ಅದೇ ವರ್ಷ ಅಕ್ಟೋಬರಿನಲ್ಲಿ ಸಂಸತ್ತೇ ಆ ಬೀಗವನ್ನು ಕಿತ್ತುಹಾಕಿತು. (ನಮ್ಮಲ್ಲಿ ಬೀಪ್ ಸದ್ದು ನಿಲ್ಲಿಸಲು ಬಕಲ್ಲಿಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದರು, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದಕ್ಕೆ ತಡೆ ಹಾಕಬೇಕಾಯಿತು. ಜಾಣತನಕ್ಕೆ ದೇಶದ ಗಡಿ ಇಲ್ಲ.)

ಕೂತವನು ಬೆರಳೂ ಎತ್ತಬಾರದು, ರಕ್ಷಣೆ ತಾನಾಗಿ ಸಿಗಬೇಕು ಎನ್ನುವ ನಿಯಮ ಬಂತು. ರೇಗನ್ ಸರ್ಕಾರ 1981ರಲ್ಲಿ ಅದನ್ನು ರದ್ದು ಮಾಡಿತು. ವಿಮಾ ಕಂಪನಿಗಳು ಕೋರ್ಟಿಗೆ ಹೋದವು. 1983ರಲ್ಲಿ ಸುಪ್ರೀಂ ಕೋರ್ಟು, ಸರಿಯಾದ ಕಾರಣ ಕೊಡದೆ ರದ್ದು ಮಾಡಿದ್ದು ಮನಸೋಇಚ್ಛೆಯ ಕೆಲಸವೆಂದು ಛೀಮಾರಿ ಹಾಕಿತು. ಸಾರಿಗೆ ಕಾರ್ಯದರ್ಶಿ ಎಲಿಜಬೆತ್ ಡೋಲ್ 1984ರ ಜುಲೈನಲ್ಲಿ ಹೊಸ ಆಜ್ಞೆ ಹೊರಡಿಸಿದರು: 1987ರ ಮಾಡೆಲುಗಳಲ್ಲಿ ಶೇ. 10, ಮುಂದಿನ ವರ್ಷ ಶೇ. 25, ಆಮೇಲೆ ಶೇ. 40, 1990ರ ಮಾಡೆಲಿನಿಂದ ಎಲ್ಲ ಕಾರಿಗೂ ತಾನಾಗಿ ಕಾಯುವ ಏರ್ಪಾಡು. ಏರ್‌ಬ್ಯಾಗ್ ಇಡಿ, ಇಲ್ಲವೇ ತಾನಾಗಿ ಬಿಗಿಯುವ ಬೆಲ್ಟು ಇಡಿ. ಏರ್‌ಬ್ಯಾಗ್ ದುಬಾರಿ, ಬೆಲ್ಟು ಅಗ್ಗ. ಕಂಪನಿಗಳು ಯಾವ ದಾರಿ ಹಿಡಿದವೆಂದು ಹೇಳಬೇಕಾಗಿಲ್ಲ. ಟೊಯೊಟಾದ ಕ್ರೆಸಿಡಾ ಕಾರಿನಲ್ಲಿ 1981ರಲ್ಲೇ ಕಾಣಿಸಿಕೊಂಡಿದ್ದ ಮೋಟಾರು ಬೆಲ್ಟು, ಆ ದಶಕ ಮುಗಿಯುವಷ್ಟರಲ್ಲಿ ಬಡವರ ಕಾರಿನಿಂದ ಜಾಗ್ವಾರಿನವರೆಗೂ ಹಬ್ಬಿತು.

ನನಗೆ ಸಿಟ್ಟು ಬಂದದ್ದು ಇಲ್ಲಿ. ತಾನಾಗಿ ಬರುವುದು ಭುಜದ ಪಟ್ಟಿ ಮಾತ್ರ. ಸೊಂಟದ್ದನ್ನು ಕೈಯಲ್ಲೇ ಹಾಕಬೇಕು. ಆದರೆ ಎದೆಯ ಮೇಲೆ ಒಂದು ಬೆಲ್ಟು ಬಂದು ಕೂತ ಮೇಲೆ ಇನ್ನೊಂದನ್ನು ಹುಡುಕುವವರು ಯಾರು? ಎಷ್ಟೋ ಮಂದಿ ಹುಡುಕಲಿಲ್ಲ. ಡಿಕ್ಕಿಯಾದಾಗ ಸೊಂಟಕ್ಕೆ ಹಿಡಿತವಿಲ್ಲದ ಮೈ ಕೆಳಕ್ಕೆ ಜಾರುತ್ತದೆ, ಭುಜದ ಪಟ್ಟಿ ಲಿವರ್, ಪಕ್ಕೆಲುಬು ದಾಟಿ ಕುತ್ತಿಗೆಗೆ ಬರುತ್ತದೆ. ಕಾಯಬೇಕಾದ ಪಟ್ಟಿಯೇ ಕುಣಿಕೆ. ಹಾಗೆ ಸತ್ತವರಿದ್ದಾರೆ. ಸೋಮಾರಿತನಕ್ಕೆ ಔಷಧವೆಂದು ಕೊಟ್ಟದ್ದು ಸೋಮಾರಿತನವನ್ನೇ ಬೆಳೆಸಿತು. 1991ರಲ್ಲಿ ಸಂಸತ್ತು ಏರ್‌ಬ್ಯಾಗನ್ನೇ ಕಡ್ಡಾಯ ಮಾಡುವ ಕಾನೂನು ತಂದಿತು, 1998ರ ಮಾಡೆಲಿನ ಹೊತ್ತಿಗೆ ಎಲ್ಲ ಕಾರುಗಳ ಮುಂದಿನ ಎರಡೂ ಸೀಟಿಗೆ ಅದು ಬಂತು, ಹಳಿ ಬೆಲ್ಟು ಸದ್ದಿಲ್ಲದೆ ಮಾಯವಾಯಿತು.

ಬೆಳಗಿನ ಜಾವ ಎಳೆಯುವ ಗಾಡಿ ಬಂತು. ಕಾರಿಗೆ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ.

ಆನ್ ಆರ್ಬರಿನ ವರ್ಕ್‌ಶಾಪಿನವನು ಬಾಗಿಲ ಸ್ವಿಚ್ಚು ಹಸಿರುಗಟ್ಟಿದೆ, ಮೋಟಾರು ಎಳೆಯುವ ಹಲ್ಲಿನ ಪಟ್ಟಿಯೂ ಸವೆದಿದೆ, ಹೊಸ ಭಾಗ ಯಾರೂ ಮಾಡುವುದಿಲ್ಲ ಎಂದ. ಸರಿ, ಅದನ್ನೆಲ್ಲ ಕಿತ್ತು ಮಾಮೂಲಿ ಬೆಲ್ಟು ಹಾಕಿಕೊಡು ಎಂದರೆ ಎರಡೂ ಕೈ ಎತ್ತಿದ. ಕೇಂದ್ರದ ನಿಯಮಕ್ಕೆ ತಕ್ಕಂತೆ ಕೂರಿಸಿದ ಸುರಕ್ಷಾ ಸಾಧನವನ್ನು ಡೀಲರಾಗಲಿ ರಿಪೇರಿಯವನಾಗಲಿ ನಿಷ್ಕ್ರಿಯ ಮಾಡುವಂತಿಲ್ಲ. ಕಾನೂನಿನ ಆ ಪಟ್ಟಿಯಲ್ಲಿ ಒಡೆಯನ ಹೆಸರಿಲ್ಲ. ಭಾವನ ಕಣ್ಣು ಮಿನುಗಿತು. "ಅಂದ್ರೆ ನಾವೇ."

ಆದರೆ ಮಾಮೂಲಿ ಬೆಲ್ಟು ಎಲ್ಲಿಂದ? ಆ ಪ್ರಶ್ನೆಗೆ ಉತ್ತರ ಡೆಟ್ರಾಯ್ಟಿನ ನದಿಯ ಆಚೆ ಇತ್ತು. ಕೆನಡಾ ಈ ನಿಯಮವನ್ನು ತರಲೇ ಇಲ್ಲ. ಅಲ್ಲಿ ಮಾರಿದ ಇದೇ ಮಾಡೆಲಿಗೆ ಸಾದಾ ಮೂರು ಬಿಗಿತದ ಬೆಲ್ಟು. ಡೆಟ್ರಾಯ್ಟಿನಿಂದ ಅಂಬಾಸಡರ್ ಸೇತುವೆ ಹತ್ತಿದರೆ ಕೆನಡಾ, ಅದೂ ದಕ್ಷಿಣಕ್ಕೆ! ಭೂಪಟ ನೋಡದವರು ನಂಬುವುದಿಲ್ಲ. ವಿಂಡ್ಸರಿನ ಗುಜರಿ ಅಂಗಳದಲ್ಲಿ ನಮ್ಮ ಕಾರಿನ ಅವಳಿ ಸಿಕ್ಕಿತು. ನಾನು ಪಾನಾ ಹಿಡಿದು ನುಗ್ಗಿದೆ. ಭಾವ ತೋಳು ಹಿಡಿದು ನಿಲ್ಲಿಸಿದರು. ಕಾರಿನ ಮೂತಿ ಜಜ್ಜಿಹೋಗಿತ್ತು. ಬೆಲ್ಟನ್ನು ಪೂರ್ತಿ ಎಳೆದು ಬೆಳಕಿಗೆ ಹಿಡಿದರು: ಭುಜದ ಬಳೆಯಲ್ಲಿ ಹಾದುಹೋಗುವ ಕಡೆ ನೂಲು ಕರಗಿ ಹೊಳೆಯುತ್ತಿತ್ತು, ಒಂದಂಗುಲ ಉದ್ದಕ್ಕೆ, ಇಸ್ತ್ರಿ ಸುಟ್ಟ ಗುರುತಿನ ಹಾಗೆ. "ಇದು ಒಂದು ಜೀವ ಹಿಡಿದಿದೆ. ಇನ್ನೊಂದು ಹಿಡಿಯುವ ಶಕ್ತಿ ಇದಕ್ಕಿಲ್ಲ. ಬಿಡು." ಸಂಜೆ ಅಂಗಳದ ಗೇಟು ಹಾಕುವ ಹೊತ್ತಿಗೆ, ತುಕ್ಕಿಗೆ ಸೋತು ಬಂದ, ಯಾವ ಡಿಕ್ಕಿಯೂ ಕಾಣದ ಇನ್ನೊಂದು ಸಿಕ್ಕಿತು. ಎರಡು ಸೀಟಿನ ಬೆಲ್ಟು, ಸುರುಳಿ ಪೆಟ್ಟಿಗೆ, ಬಕಲ್ಲು, ಬೋಲ್ಟು, ಕಂಬದ ಮುಚ್ಚಿಗೆ ಎಲ್ಲ ಬಿಚ್ಚಿ ಚೀಲ ತುಂಬಿ ಓಡಿದೆವು. ಗಡಿಯಲ್ಲಿ ಅಧಿಕಾರಿ ಏನು ತಂದಿರಿ ಎಂದ. ಹಳೇ ಸೀಟ್ ಬೆಲ್ಟು ಎಂದೆ. ನನ್ನನ್ನೂ ಭಾವನನ್ನೂ ಒಮ್ಮೆ ದೀರ್ಘವಾಗಿ ನೋಡಿ ಹೋಗಲು ಬಿಟ್ಟ.

ಇನ್ನು ಗ್ಯಾರೇಜಿನ ಯುದ್ಧ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಬೆರಳು ಹಳಿಯೊಳಗಿರುವಾಗ ಮೋಟಾರಿಗೆ ಹುಕಿ ಬಂದರೆ ಗತಿಯೇನು? ಮುಂಗಂಬದ ಮುಚ್ಚಿಗೆ ಬಂತು, ಹಳಿಯ ತಿರುಪು ಒಂದೊಂದಾಗಿ ಬಂದವು, ಹಿಂದಿನ ಸೀಟಿನ ಪಕ್ಕದ ಫಲಕದ ಒಳಗಿನಿಂದ ಮೋಟಾರು ಹೊರಬಂತು, ಅದರ ಬಾಲದಂತೆ ಹಲ್ಲಿನ ಪ್ಲಾಸ್ಟಿಕ್ ಪಟ್ಟಿ. ಅಷ್ಟು ಸಲೀಸು. ಸಮರ ಶುರುವಾದದ್ದು ನೆಲದ ಬೋಲ್ಟಿನಲ್ಲಿ. ಷಿಕಾಗೋ ಸುತ್ತಲಿನ ರಸ್ತೆಗೆ ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಮೂವತ್ತು ವರ್ಷದ ಉಪ್ಪುನೀರು ಆ ಬೋಲ್ಟನ್ನೂ ನೆಲದ ತಗಡನ್ನೂ ಒಂದು ಮಾಡಿತ್ತು. ಬೆಂಕಿ ಹಿಡಿಯೋಣವೆಂದರೆ ಪಕ್ಕದಲ್ಲೇ ಕಾರ್ಪೆಟ್ಟು. ತುಕ್ಕಿನೆಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಪಾನಾಕ್ಕೆ ಮೊಳುದ್ದದ ಕೊಳವೆ ಸಿಕ್ಕಿಸಿ ನಾನು ಜೋತುಬಿದ್ದೆ. ಅಲುಗಲಿಲ್ಲ. ಭಾವ ಕೂಡಿಕೊಂಡರು. "ಮುರಿದ್ರೆ?" ಎಂದೆ. ಮುರಿದರೆ ಎಲ್ಲ ಮುಗಿಯಿತು, ಕೊರೆದು ತೆಗೆಯಬೇಕು. "ಎಳಿ!" ಎಂದರು. "ಟಣಾರ್!" ಗುಂಡು ಹೊಡೆದ ಸದ್ದಿಗೆ ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಇಬ್ಬರೂ ನೆಲದ ಮೇಲೆ ಬಿದ್ದಿದ್ದೆವು. ಬೋಲ್ಟು ತಿರುಗಿತ್ತು.

"ಏನ್ರೀ ಇದು, ಆ ಹಿಮದಲ್ಲಿ ಸಾಯದೆ ಇಲ್ಲಿ ಸಾಯ್ತೀರಾ?"

ಎಲ್ಲಕ್ಕಿಂತ ದೊಡ್ಡ ಭಯ ಮುಂದಿತ್ತು. ಭುಜದ ಬಳೆಯನ್ನು ನಡುಗಂಬದ ಮೇಲೆ ಕೂರಿಸಬೇಕು. ಅಲ್ಲಿ ಕಾರ್ಖಾನೆಯವರೇ ಬೆಸೆದ ನಟ್ಟು ಇರಬೇಕು, ಅದರ ಹಿಂದೆ ದಪ್ಪ ತಗಡಿನ ಬಲವಿರಬೇಕು. ಅದಿಲ್ಲದೆ ಬರಿ ತಗಡಿಗೆ ತೂತು ಹೊಡೆದು ಬಿಗಿದರೆ, ಡಿಕ್ಕಿಯ ಹೊತ್ತಿಗೆ ಬೋಲ್ಟು ತಗಡನ್ನೇ ಹರಿದುಕೊಂಡು ಕೈಗೆ ಬರುತ್ತದೆ. ಅಮೆರಿಕಕ್ಕೆಂದೇ ತಯಾರಾದ ನಮ್ಮ ಕಾರಿನಲ್ಲಿ ಆ ನಟ್ಟನ್ನು ಬಿಟ್ಟಿದ್ದರೆ? ಇಷ್ಟೂ ಓಡಾಟ ನೀರುಪಾಲು. ಮುಚ್ಚಿಗೆ ಕಿತ್ತೆವು. ಬರಿ ಬಣ್ಣ. ಟಾರ್ಚು ಹಿಡಿದು ಬೆರಳಿನಿಂದ ಸವರಿದೆ: ಏನೂ ಇಲ್ಲ, ಏನೂ ಇಲ್ಲ, ತಡಿ. ಬಣ್ಣದ ಅಡಿಯಲ್ಲಿ ನಾಣ್ಯದಗಲದ ಉಬ್ಬು. ಉಗುರಿನಿಂದ ಕೆರೆದೆ. ಪ್ಲಾಸ್ಟಿಕ್ ಬಿರಡೆ! ತಿರುಪುಳಿಯಿಂದ ಎಬ್ಬಿಸಿದರೆ ಒಳಗೆ ಕತ್ತಲು, ಕತ್ತಲಲ್ಲಿ ಎಳೆ.

"ಉಂಟು ಭಾವ, ಉಂಟು!"

ಒಂದೇ ಅಚ್ಚಿನ ಮೈಯನ್ನು ಎರಡು ದೇಶಕ್ಕೆ ಕಳಿಸಿದ್ದರು. ಎಳೆಯೊಳಗೆಲ್ಲ ಬಣ್ಣ ಕೂತಿತ್ತು. ಸೀಟ್ ಬೆಲ್ಟಿನ ಬೋಲ್ಟು 7/16 ಇಂಚಿನದು, ಇಂಚಿಗೆ 20 ಎಳೆ. ಅದೇ ಅಳತೆಯ ಟ್ಯಾಪ್ ತಂದು, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಭಾವ ಉಸಿರು ಹಿಡಿದು ಎಳೆ ತೊಳೆದರು. ಒಂದು ಎಳೆ ಕೆಟ್ಟರೂ ಕೆಟ್ಟ ಹಾಗೇ.

ಬೋಲ್ಟು ಕೂತಿತು. ಬೆಲ್ಟು ಎಳೆದೆ. ಬರಲಿಲ್ಲ! ಜಗ್ಗಿದೆ. ಕಲ್ಲು. ಗುಜರಿಯಲ್ಲಿ ಪುಸಕ್ಕನೆ ಬಂದಿದ್ದ ಸುರುಳಿ ಇಲ್ಲಿ ಸತ್ತುಹೋಗಿದೆಯೇ? ಎದೆ ಧಸಕ್ಕೆಂದಿತು. ಭಾವ ನಕ್ಕರು. ಸುರುಳಿ ಪೆಟ್ಟಿಗೆಯನ್ನು ನಾನಿನ್ನೂ ಕೈಯಲ್ಲಿ ವಾರೆಯಾಗಿ ಹಿಡಿದಿದ್ದೆ. ಅದರೊಳಗೆ ಪುಟ್ಟದೊಂದು ಗುಂಡು ಇರುತ್ತದೆ. ಕಾರು ಥಟ್ಟನೆ ನಿಂತರೆ, ಇಲ್ಲವೇ ವಾಲಿದರೆ, ಆ ಗುಂಡು ಉರುಳಿ ಹಲ್ಲುಚಕ್ರಕ್ಕೆ ಅಗುಳಿ ಹಾಕುತ್ತದೆ. ವಾರೆ ಹಿಡಿದರೆ ಪೆಟ್ಟಿಗೆಗೆ ಕಾರೇ ಪಲ್ಟಿಯಾದ ಲೆಕ್ಕ. ಕಾರ್ಖಾನೆ ಹೇಳಿದ ಕೋನದಲ್ಲೇ ಅದನ್ನು ನೆಟ್ಟಗೆ ಕೂರಿಸಿ, ಟಾರ್ಕ್ ಪಾನಾದಲ್ಲಿ ಕೈಪಿಡಿಯ ಅಳತೆಗೆ ಬಿಗಿದು, ಮೆಲ್ಲಗೆ ಎಳೆದೆ. ಬಂತು. ಸರಕ್ಕನೆ ಎಳೆದೆ. ಕಚ್ಚಿತು. ಯಾವ ಮೋಟಾರೂ ಇಲ್ಲ, ತಂತಿಯೂ ಇಲ್ಲ, ಒಂದು ಗುಂಡು, ಹಲ್ಲುಚಕ್ರ, ಅಗುಳಿ, ಅಷ್ಟೇ.

ಬಲಗಡೆಯದು ಊಟಕ್ಕೆ ಮೊದಲೇ ಮುಗಿಯಿತು. ಆದರೆ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ "ಟಿಂಗ್ ಟಿಂಗ್ ಟಿಂಗ್" ಎಂಬ ಗೋಳು. ಹಳಿಯ ತುದಿಯಲ್ಲಿದ್ದ ಸ್ವಿಚ್ಚಿಗಾಗಿ ಹಳೇ ನಿಯಂತ್ರಣ ಪೆಟ್ಟಿಗೆ ಇನ್ನೂ ಹುಡುಕುತ್ತಿತ್ತು. ತಂತಿ ಕತ್ತರಿಸಿ ಬಾಯಿ ಮುಚ್ಚಿಸೋಣವೆಂದೆ. ಭಾವ ಒಪ್ಪಲಿಲ್ಲ. ನಕ್ಷೆ ಹರಡಿಕೊಂಡು, ಮೀಟರ್ ಮುಟ್ಟಿಸಿ, ಆ ತಂತಿಯನ್ನು ಹೊಸ ಬಕಲ್ಲಿನೊಳಗಿನ ಸ್ವಿಚ್ಚಿಗೆ ಕಟ್ಟಿದರು. ಈಗ ಬಕಲ್ಲು ಹಾಕದಿದ್ದರೆ ಮಾತ್ರ ಅದು ಕೂಗುತ್ತದೆ.

ಪರೀಕ್ಷೆಗೆ ಭಾನುವಾರದ ಖಾಲಿ ಪಾರ್ಕಿಂಗ್ ಅಂಗಳ. 30 ಮೈಲಿ ವೇಗ. ಭಾವ ಪಕ್ಕದಲ್ಲಿ ಎರಡೂ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು "ಹಾಕು" ಎಂದರು. ಬ್ರೇಕಿನ ಮೇಲೆ ನಿಂತೆ. ಟೈರು ಕಿರುಚಿತು, ಹಿಂದಿನ ಸೀಟಿನ ಪಾನಾಗಳೆಲ್ಲ ಮುಂದಕ್ಕೆ ಹಾರಿಬಂದವು, ಎರಡೂ ಸುರುಳಿ ಒಟ್ಟಿಗೇ ಕಚ್ಚಿದವು. ಎದೆಗೂ ಸೊಂಟಕ್ಕೂ ಒಮ್ಮೆಲೇ ಬಿಗಿ, ಗಂಟಲಿಗೆ ಏನೂ ಇಲ್ಲ.

"ಇನ್ನೊಂದ್ಸಲ," ಎಂದರು ಭಾವ.

ಆದರೂ ಈ ಕಾರಿಗೆ ಏರ್‌ಬ್ಯಾಗ್ ಇಲ್ಲ. ಏರ್‌ಬ್ಯಾಗಿನ ಬದಲಿಗೆಂದೇ ಆ ಮೋಟಾರು ಇಟ್ಟಿದ್ದು. ಸ್ಟೀರಿಂಗಿನ ನಡುವೆ ಇರುವುದು ಬರಿ ಹಾರ್ನು. ಹಾಗಾಗಿ ಅಕ್ಕ ತೀರ್ಪು ಕೊಟ್ಟಿದ್ದಾಳೆ: ನವೆಂಬರಿನಿಂದ ಮಾರ್ಚಿನವರೆಗೆ ಕೀಲಿ ಅವಳ ಬೀರುವಿನಲ್ಲಿ. ಭಾವ ಮೇಲ್ಮನವಿ ಸಲ್ಲಿಸಲಿಲ್ಲ. ಬಿಚ್ಚಿದ ಎರಡು ಮೋಟಾರುಗಳಲ್ಲಿ ಒಂದಕ್ಕೆ ಜೀವ ಚೆನ್ನಾಗಿದೆಯಂತೆ. ಗ್ಯಾರೇಜಿನ ಕಿಟಕಿ ಪರದೆ ಎಳೆಯಲು ಕೂರಿಸುತ್ತೇನೆ ಎನ್ನುತ್ತಿದ್ದಾರೆ. ಆ ಕಿಟಕಿಯ ಹತ್ತಿರ ನಾನು ಕೂರುವುದಿಲ್ಲ.